ನಾನು ಭವ್ಯಳಾಗಿದ್ದಿದ್ದರೆ

ನನಗೆ ನಾಗವೇಣಿ ಎಂದು ಹೆಸರಿಟ್ಟವಳು ನನ್ನ ಅಜ್ಜಿ, ಅಮ್ಮನ ಅಮ್ಮ. ಹಾವಿನಂತೆ ಉದ್ದಕ್ಕೆ ಇಳಿಬಿದ್ದ ಜಡೆಯವಳು ಎಂದು ಆ ಹೆಸರಿನ ಅರ್ಥ. ಹೆಸರಿಡುವಾಗ ನನ್ನ ತಲೆಯಲ್ಲಿ ಹೇಳಿಕೊಳ್ಳುವಂಥ ಕೂದಲೇ ಇರಲಿಲ್ಲವಂತೆ. ಆಮೇಲೆ ಬಂದದ್ದು ನಮ್ಮ ಮನೆಯವರೆಲ್ಲರ ಕೂದಲು. ನೆತ್ತಿಗೆ ಒತ್ತಿಕೊಂಡು ಸಣ್ಣ ಸಣ್ಣ ಸುರುಳಿಯಾಗಿ, ಎಷ್ಟು ಎಳೆದರೂ ಬಿಟ್ಟ ಕೂಡಲೇ ಮತ್ತೆ ಒಳಗೆ ಸೇರಿಕೊಳ್ಳುವ ಕೂದಲು. ನಾವು ಸಿದ್ದಿಗಳು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗುಗಳಲ್ಲಿ ತಂದು ಪಶ್ಚಿಮ ಕರಾವಳಿಯಲ್ಲಿ ಇಳಿಸಿದವರ ಮಕ್ಕಳ ಮಕ್ಕಳು. ಯಲ್ಲಾಪುರದ ಸುತ್ತಿನ ಊರುಗಳಲ್ಲಿ ನಮ್ಮಂಥವರ ಮನೆಗಳು ಬೇಕಾದಷ್ಟಿವೆ, ಅಲ್ಲಿ ಯಾರೂ ನಮ್ಮನ್ನು ಯಾವ ದೇಶ ಎಂದು ಕೇಳುವುದಿಲ್ಲ. ಆದರೆ ನಾನು ಬೆಳೆದದ್ದು ಅಲ್ಲಿ ಅಲ್ಲ, ಬೆಂಗಳೂರಿನ ಜಕ್ಕೂರಿನಲ್ಲಿ, ಮುನಿರಾಜಣ್ಣನ ವಠಾರದಲ್ಲಿ.

ವಠಾರವೆಂದರೆ ಒಂದು ಅಂಗಳ, ಅಂಗಳದ ಒಂದು ಬದಿಗೆ ಸಾಲಾಗಿ ಶೀಟಿನ ಮನೆಗಳು, ಎದುರಿಗೆ ಮುನಿರಾಜಣ್ಣನ ಮೂರಂತಸ್ತಿನ ಮನೆ. ಹೊಲ ಲೇಔಟಿಗೆ ಹೋದ ಮೇಲೆ ಕಟ್ಟಿಸಿದ ಮನೆ ಅದು. ಹೊಲ ಹೋದರೂ ಒಂದು ಹಸುವನ್ನು ಮಾತ್ರ ಅವರು ಬಿಟ್ಟಿರಲಿಲ್ಲ, ಕಾರು ನಿಲ್ಲಿಸುವ ಜಾಗದಲ್ಲೇ ಕಟ್ಟುತ್ತಿದ್ದರು. ನಮ್ಮದು ಕೊನೆಯ ಶೀಟಿನ ಮನೆ. ಇದ್ದದ್ದು ಒಂದೇ ಕೋಣೆ. ಅದರಲ್ಲೇ ಅಡುಗೆಯ ಕಟ್ಟೆ, ದೇವರ ಗೂಡು, ಅಪ್ಪನ ಮಂಚ. ಅಮ್ಮ ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಗಳ ಮೇಲೆ ನಾನೂ ಅವಳೂ ಮಲಗುತ್ತಿದ್ದೆವು. ಪಕ್ಕದ ಏರೋಡ್ರೋಮಿನ ಪುಟ್ಟ ವಿಮಾನಗಳು ತಲೆಯ ಮೇಲೆ ಸುತ್ತು ಹಾಕುವಾಗ ಶೀಟು ಸಣ್ಣಗೆ ನಡುಗುತ್ತಿತ್ತು.

ಭಾನುವಾರ ಬೆಳಿಗ್ಗೆ ನನ್ನ ತಲೆ ಬಾಚುವ ಕೆಲಸ. ಅಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ನನ್ನನ್ನು ಮೊಣಕಾಲುಗಳ ನಡುವೆ ಇರುಕಿಸಿಕೊಳ್ಳುತ್ತಿದ್ದಳು. ಕೊಬ್ಬರಿ ಎಣ್ಣೆ ಸುರಿದು, ಬಾಚಣಿಗೆ ಹಾಕಿ ಎಳೆದರೆ ನನ್ನ ಕತ್ತು ಹಿಂದಕ್ಕೆ ಬರುತ್ತಿತ್ತು. ಬಾಚಣಿಗೆಯ ಹಲ್ಲುಗಳು ಮುರಿಯುತ್ತಿದ್ದವು. ಅದೇ ಹೊತ್ತಿಗೆ ಎದುರು ಮನೆಯ ಜಗಲಿಯಲ್ಲಿ ಮುನಿರಾಜಣ್ಣನ ಹೆಂಡತಿ ಜಯಮ್ಮ ತಮ್ಮ ಮಗಳು ಭವ್ಯಳಿಗೆ ಜಡೆ ಹಾಕುತ್ತಿದ್ದರು. ಭವ್ಯ ನನ್ನದೇ ತರಗತಿ. ಅವಳ ಕೂದಲಲ್ಲಿ ಬಾಚಣಿಗೆ ನೀರಿನಲ್ಲಿ ಇಳಿದ ಹಾಗೆ ಇಳಿಯುತ್ತಿತ್ತು. ಜಡೆ ಹಾಕಿ, ಕನಕಾಂಬರ ಮುಡಿಸಿ ಮುಗಿದರೂ ನನ್ನದು ಅರ್ಧ ತಲೆಯೂ ಆಗಿರುತ್ತಿರಲಿಲ್ಲ. ಜಯಮ್ಮ ಒಳ್ಳೆಯ ಮನಸ್ಸಿನಿಂದಲೇ ಕೂಗಿ ಹೇಳುತ್ತಿದ್ದರು:

"ಬುಡಮ್ಮ ಸುಶೀಲಾ, ಮಗಾ ಅಳ್ತದೆ. ಇಂಗೆ ಕಷ್ಟ ಪಡೋ ಬದ್ಲು ಗುಂಡು ಒಡ್ಸ್ಬುಡು ಅತ್ಲಾಗೆ."

ಅಮ್ಮ ನಗುತ್ತಿದ್ದಳು. ಹಿಂದಿನಿಂದ ಅವಳ ಕೈ ಮಾತ್ರ ಇನ್ನಷ್ಟು ಬಿಗಿಯಾಗುತ್ತಿತ್ತು.

ಅಪ್ಪ ಪರಶುರಾಮ ಹುಡುಗನಾಗಿದ್ದಾಗ ಚೆನ್ನಾಗಿ ಓಡುತ್ತಾನೆಂದು ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಬಂದವನು. ಮೊಣಕಾಲು ಕೆಟ್ಟ ಮೇಲೆ ಓಟ ನಿಂತಿತು, ಊರಿಗೆ ಹಿಂದಿರುಗಲು ಮನಸ್ಸಾಗಲಿಲ್ಲ. ಯಲಹಂಕದ ಒಂದು ಖಾಸಗಿ ಕಾಲೇಜಿನಲ್ಲಿ ಆಟದ ಮೈದಾನ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಓಟದ ಪಂದ್ಯಕ್ಕೆ ಸುಣ್ಣದಲ್ಲಿ ಗೆರೆ ಎಳೆಯುವುದು, ನೆಟ್ ಕಟ್ಟುವುದು, ಹುಲ್ಲಿಗೆ ನೀರು ಬಿಡುವುದು. ಅವನಿಗೊಂದು ಅಭ್ಯಾಸವಿತ್ತು. ಬಸ್ಸು ಹತ್ತಿದರೆ, ಅಂಗಡಿಗೆ ಹೋದರೆ, ಆಸ್ಪತ್ರೆಯ ಸಾಲಿನಲ್ಲಿ ನಿಂತರೆ, ಯಾರೂ ಏನೂ ಕೇಳುವ ಮೊದಲೇ ಜೋರಾಗಿ ಕನ್ನಡದಲ್ಲಿ ಮಾತು ಶುರುಮಾಡುತ್ತಿದ್ದ. ಬಿಸಿಲಿನ ಬಗ್ಗೆ, ಸೊಪ್ಪಿನ ರೇಟಿನ ಬಗ್ಗೆ, ಏನಾದರೊಂದು. ಜನ ತಿರುಗಿ ನೋಡಿ, ಒಂದು ಗಳಿಗೆ ಬೆರಗಾಗಿ, ಆಮೇಲೆ ಹಗುರಾಗುತ್ತಿದ್ದರು. ಓ, ಕನ್ನಡ ಬರುತ್ತಾ ನಿಮಗೆ, ಎನ್ನುತ್ತಿದ್ದರು. ಅಪ್ಪನ ಮುಖ ಅರಳುತ್ತಿತ್ತು. ನಾನು ಕಿಟಕಿಯ ಆಚೆ ನೋಡುತ್ತಾ, ಇವನು ನನ್ನ ಅಪ್ಪನಲ್ಲ ಎಂಬಂತೆ ಕೂರುತ್ತಿದ್ದೆ. ಅವನು ಏಕೆ ಹಾಗೆ ಮಾಡುತ್ತಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ನಾಚಿಕೆಯಾಗುತ್ತಿತ್ತು.

ಆ ದಿನಗಳಲ್ಲಿ ನಾನೊಂದು ಆಟ ಕಂಡುಕೊಂಡಿದ್ದೆ. ಸ್ಕೂಲಿನಿಂದ ಬಂದ ಮೇಲೆ ಅಂಗಳದ ನೀರಿನ ಸಂಪಿನ ಕಲ್ಲುಚಪ್ಪಡಿಯ ಮೇಲೆ ಕೂತು, ನಾನು ಭವ್ಯಳಾಗಿದ್ದಿದ್ದರೆ ಇವತ್ತು ಹೇಗಿರುತ್ತಿತ್ತು ಎಂದು ಇಡೀ ದಿನವನ್ನು ಬೆಳಗಿನಿಂದ ಮತ್ತೊಮ್ಮೆ ನಡೆಸಿ ನೋಡುವುದು. ತಲೆ ಬಾಚಲು ನೋವಿಲ್ಲ. ಮುಡಿದ ಹೂವು ಜಾರಿ ಬೀಳುವುದಿಲ್ಲ. ಅಂಗಡಿಯ ಶೆಟ್ಟರು ಚಿಲ್ಲರೆ ಕೊಡುವಾಗ ನನ್ನ ಮುಖ ನೋಡುವುದೇ ಇಲ್ಲ. ಸ್ಕೂಲು ಡೇಗೆ ಮೇಷ್ಟ್ರು ಪಾತ್ರ ಹಂಚುವಾಗ ನನಗೆ ರಾಕ್ಷಸಿಯನ್ನು ಕೊಡುವುದಿಲ್ಲ, ಹಿಂದಿನ ಸಾಲಿನಲ್ಲಿ ನಿಲ್ಲುವ ಗೆಳತಿಯ ಪಾತ್ರ ಕೊಡುತ್ತಾರೆ. ನನ್ನ ಆಸೆ ರಾಣಿಯ ಪಾತ್ರದ ಮೇಲಿರಲಿಲ್ಲ. ಯಾರಿಗೂ ನೆನಪಿರದ ಆ ಹಿಂದಿನ ಸಾಲು ಸಾಕಿತ್ತು. ಆಟ ದಿನದಿಂದ ದಿನಕ್ಕೆ ವಿವರವಾಗಿ ಬೆಳೆಯಿತು. ಬೆಳೆದಷ್ಟೂ ಒಂದು ತೊಡಕು ಕಾಣತೊಡಗಿತು. ನನ್ನೊಬ್ಬಳನ್ನೇ ಬದಲಿಸಿದರೆ ಆಗುವುದಿಲ್ಲ; ಪೇರೆಂಟ್ಸ್ ಮೀಟಿಂಗಿಗೆ ಅಮ್ಮ ಬಂದರೆ ಎಲ್ಲ ಹಾಳಾಗುತ್ತದೆ. ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ಅಮ್ಮನಿಗೆ ಜಯಮ್ಮನ ಮುಖ ಕೊಟ್ಟೆ. ಅಪ್ಪನಿಗೆ ಮುನಿರಾಜಣ್ಣನ ಮೂಗು, ಕೂದಲು, ಬಣ್ಣ ಎಲ್ಲ ಕೊಟ್ಟೆ. ಈಗ ಸರಿಹೋಯಿತು ಎಂದುಕೊಂಡು ಮನಸ್ಸಿನಲ್ಲೇ ನಮ್ಮ ಮನೆಯ ಬಾಗಿಲು ತೆಗೆದು ನೋಡಿದರೆ, ಒಳಗೆ ನಮ್ಮವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಅಮ್ಮ ಒಳಗಿನಿಂದ ಕೂಗಿದಳು.

"ನಾಗೂ, ಬಾ, ಅನ್ನ ಆಯ್ತು. ಎಂತಕ್ಕೆ ಅಲ್ಲೇ ಕೂತಿದ್ದೀ?"

ಹೋದೆ. ಬಂಗಡೆ ಮೀನಿನ ಸಾರು ಮಾಡಿದ್ದಳು. ತಟ್ಟೆಯಿಂದ ತಲೆ ಎತ್ತಿ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವಳ ಮುಖವನ್ನು ನಾನು ಆಗಷ್ಟೇ ಅಳಿಸಿ ಬಂದಿದ್ದೆ. ಅವಳು ಸಾರಿನಲ್ಲಿ ದೊಡ್ಡ ತುಂಡನ್ನು ಹುಡುಕಿ ನನ್ನ ತಟ್ಟೆಗೆ ಹಾಕಿದಳು.

ಗ್ರೇಸ್ ಬಂದದ್ದು ಅದಾದ ಮೇಲೆ. ಎದುರು ಮನೆಯ ಮೇಲಿನ ಒಂಟಿ ರೂಮಿಗೆ ಬಾಡಿಗೆಗೆ. ತಾಂಜಾನಿಯಾ ದೇಶದವಳು, ಅಪ್ಪನ ಕಾಲೇಜಿನಲ್ಲೇ ಫಾರ್ಮಸಿ ಓದುತ್ತಿದ್ದಳು. ಅವಳು ಸೂಟ್‌ಕೇಸ್ ಹಿಡಿದು ಗೇಟಿನೊಳಗೆ ಕಾಲಿಟ್ಟ ಕ್ಷಣ ಜಯಮ್ಮ ನಮ್ಮ ಮನೆಯ ಕಡೆ ತಿರುಗಿ ಕೂಗಿದರು: "ಸುಶೀಲಾ, ನಿಮ್ಮೋರು ಯಾರೋ ಬಂದವ್ರೆ ನೋಡು." ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗ್ರೇಸ್ ಮುಖ ತುಂಬ ನಕ್ಕು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅಮ್ಮನಿಗೆ ಅರ್ಥವಾಗಲಿಲ್ಲ. ಗ್ರೇಸಳ ನಗು ಗೊಂದಲಕ್ಕೆ ತಿರುಗಿತು. ಆಮೇಲೆ ಇಬ್ಬರಿಗೂ ನಗು ಬಂತು.

ಅಪ್ಪನಿಗೆ ಮಾತ್ರ ಸರಿಬರಲಿಲ್ಲ. ಅವಳು ಮೆಟ್ಟಿಲಿಳಿದು ಎದುರಾದರೆ ಅಪ್ಪ ಬೂಟಿನ ಲೇಸು ಕಟ್ಟಲು ಬಗ್ಗುತ್ತಿದ್ದ. ಅವಳು ಗುಡ್ ಮಾರ್ನಿಂಗ್ ಅಂಕಲ್ ಎಂದರೆ, ಅಂಗಳದಲ್ಲಿದ್ದವರಿಗೆಲ್ಲ ಕೇಳುವಂತೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ. ಅಮ್ಮ ಮಾತ್ರ ಮೀನು ಮಾಡಿದ ದಿನ ಒಂದು ಬಟ್ಟಲು ಸಾರು ನನ್ನ ಕೈಯಲ್ಲಿ ಮೇಲೆ ಕಳಿಸುತ್ತಿದ್ದಳು. ಹಾಗೆ ನಾನು ಆ ರೂಮಿಗೆ ಹೋಗಿಬರತೊಡಗಿದೆ. ಗ್ರೇಸಳಿಗೆ ಕನ್ನಡ ಕಲಿಯುವ ಆಸೆ. ನೀರು, ಅನ್ನ, ಎಷ್ಟು, ಕಡಿಮೆ ಮಾಡಿ, ಇವೆಲ್ಲ ನಾನೇ ಕಲಿಸಿದೆ. ನನ್ನ ಕನ್ನಡ ಕೇಳಿ ಆಶ್ಚರ್ಯಪಡದ ಮೊದಲ ವ್ಯಕ್ತಿ ಅವಳು. ಅವಳ ಮಟ್ಟಿಗೆ ನಾನು ಕನ್ನಡದವಳೇ, ಅದರಲ್ಲಿ ವಿಶೇಷವೇನಿತ್ತು?

ಒಂದು ಶನಿವಾರ ಅವಳು ನನ್ನ ತಲೆ ಮುಟ್ಟಿ ನೋಡಿ, ಕೆಳಗೆ ಕೂರು ಎಂದಳು. ಅಗಲ ಹಲ್ಲಿನ ಬಾಚಣಿಗೆ, ನೀರು, ಒಂದು ಡಬ್ಬಿಯಲ್ಲಿ ಬೆಣ್ಣೆಯಂಥ ಏನೋ. ಬುಡದಿಂದ ಎಳೆಯದೆ ತುದಿಯಿಂದ ಬಿಡಿಸುತ್ತಾ ಬಂದಳು. ನೋಯಲಿಲ್ಲ. ನನಗೆ ನೋವಿಲ್ಲದೆ ತಲೆ ಬಾಚಬಹುದೆಂದು ಆವರೆಗೆ ಗೊತ್ತೇ ಇರಲಿಲ್ಲ. ನೆತ್ತಿಗೆ ಅಂಟಿದಂತೆ ಸಾಲು ಸಾಲು ಸಣ್ಣ ಜಡೆ ಹೆಣೆಯುತ್ತಾ ಅವಳು ತನ್ನ ಊರಿನ ಕತೆ ಹೇಳಿದಳು. ನನಗೆ ಗೊತ್ತಿದ್ದ ಅರೆಬರೆ ಇಂಗ್ಲಿಷಿನಲ್ಲಿ ತಿಳಿದಿದ್ದಿಷ್ಟು: ಅಲ್ಲಿ ಟೀಚರು, ಪೊಲೀಸು, ಬಸ್ಸಿನ ಡ್ರೈವರು, ಟಿವಿಯಲ್ಲಿ ವಾರ್ತೆ ಓದುವವಳು, ಎಲ್ಲರ ತಲೆಯೂ ನನ್ನ ತಲೆಯಂಥದೇ. ಭವ್ಯ ಅಲ್ಲಿಗೆ ಹೋದರೆ ಬಸ್ಸಿನಲ್ಲಿ ಎಲ್ಲರೂ ಅವಳನ್ನೇ ತಿರುಗಿ ನೋಡುತ್ತಾರೆ. ಇದು ನನಗೆ ಹೊಳೆದೇ ಇರಲಿಲ್ಲ. ನಾನು ಅಲ್ಲಿ ಹುಟ್ಟಿದ್ದಿದ್ದರೆ ಎಂದು ಯೋಚಿಸಿದೆ. ಹಿಂದಿನ ಸಾಲಿನ ಗೆಳತಿ ನಾನು, ಯಾರ ಮುಖವನ್ನೂ ಬದಲಿಸಬೇಕಾಗಿಲ್ಲ, ಅಪ್ಪ ಬಸ್ಸಿನಲ್ಲಿ ಸುಮ್ಮನೆ ಕೂರುತ್ತಾನೆ. ಕೆಳಗಿಳಿದು ಬಂದಾಗ ಭವ್ಯ ಓಡಿಬಂದು ನನ್ನ ತಲೆಯನ್ನು ಸುತ್ತಲೂ ನೋಡಿ, ನಂಗೂ ಹಾಕ್ತಾರಾ ಕೇಳೇ, ಎಂದಳು. ಅಮ್ಮ ಬೆರಳಿನಿಂದ ಜಡೆಯ ಸಾಲುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ನಮ್ಮಜ್ಜಿ ಹೀಂಗೇ ಹೆಣೀತಿತ್ತು ಅಂತ ಕೇಳಿದ್ದೆ, ಎಂದಳು.

ಸಂಜೆ ಅಪ್ಪ ಬಂದ. ಬಾಗಿಲಲ್ಲೇ ನಿಂತುಬಿಟ್ಟ.

"ಯಾರು ಮಾಡಿದ್ದು ಇದನ್ನ?"

"ಗ್ರೇಸ್ ಅಕ್ಕ."

"ಬಿಚ್ಚು."

"ಇರ್ಲಿ ಬಿಡಿ, ಚಂದ ಉಂಟು," ಎಂದಳು ಅಮ್ಮ. "ಮಗು ಅಳದೇ ತಲೆ ಬಾಚಿಸ್ಕೊಂಡಿದೆ."

"ನಿಂಗೆ ಗೊತ್ತಾಗಲ್ಲ ಸುಶೀಲಾ. ಇಷ್ಟು ವರ್ಷ ನಾನು ಒಬ್ಬೊಬ್ಬರಿಗೂ ಹೇಳ್ಕೊಂಡು ಬಂದೀನಿ, ನಾವು ಅವ್ರಲ್ಲ, ಅವ್ರಲ್ಲ ಅಂತ. ನಾಳೆ ಇವಳು ಹಿಂಗೆ ರೋಡಲ್ಲಿ ಹೋದ್ರೆ ಯಾರು ಕೇಳ್ತಾರೆ ನನ್ನ ಮಾತು?"

ಅವನು ಮಂಚದ ಮೇಲೆ ಕೂತು, ನನ್ನನ್ನು ಎದುರಿಗೆ ಕೂರಿಸಿಕೊಂಡು, ತಾನೇ ಒಂದೊಂದಾಗಿ ಬಿಚ್ಚಿದ. ಸುಣ್ಣ ಹಿಡಿದು ಒಡೆದ ಬೆರಳುಗಳು. ಒರಟಾಗೇನೂ ಬಿಚ್ಚಲಿಲ್ಲ. ಬಯ್ದಿದ್ದರೆ, ಎಳೆದಿದ್ದರೆ ಅಳಬಹುದಿತ್ತು. ಅವನು ಎಷ್ಟು ಮೆಲ್ಲಗೆ ಬಿಚ್ಚಿದನೆಂದರೆ ನನಗೆ ಅಳುವುದಕ್ಕೂ ದಾರಿಯಿರಲಿಲ್ಲ. ಅಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು.

ಕೆಲವು ವಾರಗಳ ನಂತರ ಗ್ರೇಸಳ ಹುಟ್ಟುಹಬ್ಬಕ್ಕೆ ಅವಳ ಗೆಳೆಯ ಗೆಳತಿಯರು ಬಂದರು. ಭಾನುವಾರ ಮಧ್ಯಾಹ್ನ. ಅಡುಗೆ ಮಾಡಿದರು, ಚಪ್ಪಾಳೆ ತಟ್ಟಿ ಹಾಡಿದರು, ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಟುಹೋದರು. ಮಾರನೆಯ ದಿನ ರಸ್ತೆಯ ನಾಲ್ಕಾರು ಗಂಡಸರು ಮುನಿರಾಜಣ್ಣನ ಅಂಗಳಕ್ಕೆ ಬಂದರು. ಇದು ಫ್ಯಾಮಿಲಿ ಇರುವ ಏರಿಯಾ, ಇಂಥವರನ್ನೆಲ್ಲ ಇಟ್ಟುಕೊಳ್ಳಬಾರದು ಎಂಬುದು ಅವರ ಮಾತು. ಮುನಿರಾಜಣ್ಣ ಜಗಳದ ಮನುಷ್ಯನಲ್ಲ. ಹುಡುಗಿ ಒಳ್ಳೆಯವಳು, ಬಾಡಿಗೆ ಸರಿಯಾಗಿ ಕೊಡುತ್ತಾಳೆ ಎಂದು ಏನೋ ಗೊಣಗಿದರು. ಅಪ್ಪ ಕೆಲಸದಿಂದ ಬಂದು ಗೇಟು ತೆಗೆದದ್ದು ಆಗ. ಬಂದವರಲ್ಲಿ ಒಬ್ಬ ಅಪ್ಪನ ಕಡೆ ಕೈ ತೋರಿಸಿದ.

"ಅವ್ರ ಕಡೆಯವ್ರೇ ಅಲ್ವಾ ಇವ್ರೂ? ಇಟ್ಕೊಂಡ್ರೆ ಹಿಂಗೇ ಒಬ್ಬೊಬ್ರಾಗಿ ಬಂದು ಸೇರ್ಕೊತಾರೆ ಮುನಿರಾಜಣ್ಣ. ಕಳಿಸೋದಾದ್ರೆ ಎಲ್ರನ್ನೂ ಒಟ್ಗೆ ಕಳ್ಸಿ."

ಅಪ್ಪನ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ನೋಡಿದೆ. ನಮ್ಮ ಚರ್ಮದಲ್ಲಿ ಅದು ಕಾಣುವುದಿಲ್ಲ ಎಂದು ಜನ ತಿಳಿದಿದ್ದಾರೆ, ಕಾಣುತ್ತದೆ. ಅವನು ಊಟದ ಡಬ್ಬಿಯ ಚೀಲವನ್ನು ಕೆಳಗಿಟ್ಟ.

"ಅಣ್ಣ, ಏನ್ ಮಾತು ಅಂತ ಆಡ್ತೀರಾ? ನಮ್ಗೂ ಅವ್ರಿಗೂ ಏನ್ ಸಂಬಂಧ? ನಾವು ಯಲ್ಲಾಪುರದೋರು. ಕನ್ನಡದೋರು. ನಮ್ಮನೆ ದೇವ್ರು ಇಲ್ಲಿದಾನೆ, ನಮ್ಮ ಹಿರಿಯರು ಮಣ್ಣಾಗಿದ್ದು ಇಲ್ಲಿ." ಆಮೇಲೆ ನನ್ನನ್ನು ಕರೆದ. "ನಾಗೂ, ಬಾ ಇಲ್ಲಿ. ಸ್ಕೂಲಲ್ಲಿ ಪ್ರೈಜ್ ಬಂತಲ್ಲ, ಆ ಪದ್ಯ ಹೇಳು."

ನಾನು ಅಂಗಳದ ನಡುವೆ ನಿಂತು, ಕೈ ಕಟ್ಟಿ, ಪದ್ಯ ಹೇಳಿದೆ. ನಾಡಿನ ಮೇಲಿನ ಪದ್ಯ. ಎಲ್ಲಿಯೂ ತಡವರಿಸಲಿಲ್ಲ. ಒಂದು ಹಕಾರ ಬಿಡಲಿಲ್ಲ, ಒಂದು ಒತ್ತು ಜಾರಲಿಲ್ಲ. ಬಂದವರಲ್ಲಿ ಯಾರಿಗೂ ಆ ಪದ್ಯ ಪೂರ್ತಿ ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಮುಗಿಸಿದಾಗ ಅವರು ಚಪ್ಪಾಳೆ ತಟ್ಟಿದರು. ಕೈ ತೋರಿಸಿದ್ದ ಆ ಮನುಷ್ಯನೇ ನನ್ನ ಕೆನ್ನೆ ತಟ್ಟಿ, ಎಂಥಾ ಉಚ್ಚಾರಣೆ ಕಣ್ರೀ, ನಮ್ಮ ಮಕ್ಕಳಿಗೆ ಬರಲ್ಲ, ಎಂದ. ನನಗೆ ಖುಷಿಯಾಯಿತು. ಮೈಯೆಲ್ಲ ಹಗುರಾಗುವಂಥ ಖುಷಿ. ಈಗ ನಾನು ಯಲಹಂಕದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಹೊಸ ತರಗತಿಗೆ ಕಾಲಿಟ್ಟಾಗ ಮಕ್ಕಳ ಬೆರಗು, ಮೊದಲ ವಾಕ್ಯದ ನಂತರ ಅವರ ಮುಖ ಸಡಿಲವಾಗುವುದು, ಎರಡನ್ನೂ ನೋಡುತ್ತೇನೆ. ಆಗೆಲ್ಲ ಒಳಗೆ ಅದೇ ಖುಷಿ ಏಳುತ್ತದೆ, ಅದರ ಬೆನ್ನಿಗೇ ಹೇಸಿಗೆಯೂ ಬರುತ್ತದೆ.

ಚಪ್ಪಾಳೆಯಿಂದ ಅಪ್ಪನಿಗೆ ಧೈರ್ಯ ಬಂದಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

"ಆ ಹುಡುಗೀನ ಖಾಲಿ ಮಾಡ್ಸಿ ಅಣ್ಣ. ನಂಗೂ ಮೊದ್ಲಿಂದ ಸರಿ ಬಂದಿಲ್ಲ. ಅವ್ರ ಅಡುಗೆ ವಾಸನೆ, ಅವ್ರ ಗಲಾಟೆ. ಅಂಥೋರ ಜತೆ ನಮ್ಮನ್ನ ಸೇರಿಸ್ಬೇಡಿ. ಅವ್ರು ನಮ್ಮೋರಲ್ಲ."

ಮೆಟ್ಟಿಲ ಮೇಲೆ ಗ್ರೇಸ್ ನಿಂತಿದ್ದಳು. ಕೆಳಗೆ ನಲ್ಲಿಯಿಂದ ನೀರು ಹಿಡಿಯಲೆಂದು ಖಾಲಿ ಬಿಂದಿಗೆ ಹಿಡಿದು ಇಳಿದು ಬಂದವಳು ಅರ್ಧದಲ್ಲಿ ನಿಂತುಬಿಟ್ಟಿದ್ದಳು. ನಮ್ಮೋರು ಎಂಬ ಮಾತನ್ನು ಅವಳಿಗೆ ನಾನೇ ಕಲಿಸಿದ್ದೆ. ಹಾಗಂದರೆ ಮನೆಯವರು, ಬೇಕಾದವರು ಎಂದು ಹೇಳಿಕೊಟ್ಟಿದ್ದೆ. ಅಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಬಿಂದಿಗೆಯ ಸಮೇತ ಹಾಗೇ ಮೇಲೆ ಹತ್ತಿ ಹೋದಳು. ಆ ವಾರವೇ ರೂಮು ಖಾಲಿ ಮಾಡಿದಳು. ನಾನು ಸ್ಕೂಲಿನಲ್ಲಿದ್ದೆ.

ಅಮ್ಮ ಅಪ್ಪನೊಡನೆ ಮಾತು ಬಿಟ್ಟಳು. ಜಗಳ ಮಾಡಲಿಲ್ಲ. ಹೊತ್ತು ಹೊತ್ತಿಗೆ ಊಟ ಬಡಿಸಿ, ತಟ್ಟೆಯನ್ನು ಅವನ ಮುಂದೆ ಇಟ್ಟು, ಗೋಡೆ ನೋಡುತ್ತಾ ಕೂರುತ್ತಿದ್ದಳು. ಒಂದು ಕೋಣೆಯ ಮನೆಯಲ್ಲಿ ಮಾತಿಲ್ಲದೆ ಇರುವುದು ಸುಲಭವಲ್ಲ. ಕೊನೆಗೆ ಅಪ್ಪನೇ ಮಾತಾಡಿದ.

"ಮನೆ ಹೋಗ್ತಿತ್ತು ಸುಶೀಲಾ. ಎಲ್ಲಿಗ್ ಹೋಗ್ಬೇಕಿತ್ತು ನಾವು? ನಮ್ಗೆ ಯಾರು ಮನೆ ಕೊಡ್ತಿದ್ರು?"

"ಮನೆ ಉಳಿಸ್ಕಂಡ್ರಲ್ಲ, ಒಳ್ಳೇದಾಯ್ತು," ಎಂದಳು ಅಮ್ಮ. "ವಾಸನೆ ಅಂದ್ರಲ್ಲ ನೀವು. ಅದು ಎಂತಕ್ಕೆ ಬೇಕಿತ್ತು? ಊರಲ್ಲಿ ನಮ್ಮನ್ನ ಜಗಲಿ ಹತ್ತಿಸ್ದೇ ಇರೋರು ಇದೇ ಮಾತಲ್ಲವಾ ಹೇಳ್ತಿದ್ದಿದ್ದು?"

ಅಪ್ಪ ಕಾಲೇಜಿನಲ್ಲಿ ಗ್ರೇಸಳನ್ನು ದೂರದಿಂದ ನೋಡುತ್ತಿದ್ದನಂತೆ, ಹತ್ತಿರ ಹೋಗಲು ಕಾಲು ಬರುತ್ತಿರಲಿಲ್ಲವಂತೆ. ಮುಂದಿನ ಭಾನುವಾರ ಅಮ್ಮ ಬಂಗಡೆ ಸಾರು ಮಾಡಿ, ಒಂದು ಸ್ಟೀಲ್ ಡಬ್ಬಿಗೆ ತುಂಬಿಸಿ, ಅಪ್ಪನ ಮಂಚದ ಮೇಲೆ ಇಟ್ಟಳು. ಅಪ್ಪ ಡಬ್ಬಿಯನ್ನು ನೋಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಗ್ರೇಸ್ ಈಗ ಥಣಿಸಂದ್ರದ ಕಡೆ ಇದ್ದಾಳೆಂದು ಕಾಲೇಜಿನಲ್ಲಿ ವಿಚಾರಿಸಿಕೊಂಡಿದ್ದ. ಇಂಗ್ಲಿಷ್ ಹೇಳಲು ನಾನು ಬೇಕಿತ್ತು. ಜಕ್ಕೂರು ಕೆರೆಯ ಏರಿಯ ಮೇಲೆ ನಡೆಯುವಾಗ ಅಪ್ಪ ಕೇಳಿದ: "ಕೋಪದಲ್ಲಿ ಬಾಯಿಗೆ ಬಂದಿದ್ದು ಅಂದೆ, ಮನಸ್ಸಲ್ಲಿರ್ಲಿಲ್ಲ. ಇದಕ್ಕೆ ಇಂಗ್ಲಿಷಲ್ಲಿ ಹೆಂಗೆ ಹೇಳ್ತೀಯ?" ನಾನು ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತಾ ಹೋದೆ.

ಇನ್ನೂ ಗಾರೆ ಮುಗಿಯದ ಒಂದು ಕಟ್ಟಡದ ಮೊದಲ ಮಹಡಿ. ಬಾಗಿಲು ತೆರೆದಿತ್ತು. ಒಳಗೆ ಆರೇಳು ಜನ ಹುಡುಗ ಹುಡುಗಿಯರು ಚಾಪೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತ. ಅವರು ತಲೆ ಎತ್ತಿದರು, ಸುಮ್ಮನೆ ಜರುಗಿ ಜಾಗ ಮಾಡಿದರು. ಒಬ್ಬ ಎದ್ದು, ಅಪ್ಪನ ಎರಡೂ ಕೈ ಹಿಡಿದು, ತಲೆ ಬಾಗಿಸಿ, ಹಿರಿಯರೊಡನೆ ಮಾತಾಡುವ ದನಿಯಲ್ಲಿ ತನ್ನ ಭಾಷೆಯಲ್ಲಿ ಏನೋ ಕೇಳಿದ. ಅಪ್ಪ ಬೆಪ್ಪಾದ. ಆ ಹುಡುಗ ನಗುತ್ತಾ ಇಂಗ್ಲಿಷಿಗೆ ತಿರುಗಿದ. ಅಂಕಲ್, ಯಾವ ದೇಶ ನಿಮ್ಮದು? ಕಾಂಗೋ? ಮೊಜಾಂಬಿಕ್?

ಒಳಗಿನಿಂದ ಗ್ರೇಸ್ ಬಂದಳು. ಕೈಯಲ್ಲಿ ನೀರಿನ ಜಗ್ಗು. ನಮ್ಮನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಕಟ್ಟಿಕೊಂಡು ಬಂದಿದ್ದ ವಾಕ್ಯಕ್ಕೆ ಒಂದು ಜಾಗ ಸಿಗುತ್ತಿತ್ತು. ಅವಳು ಆ ಹುಡುಗನ ಹೆಗಲ ಮೇಲೆ ಕೈಯಿಟ್ಟು, ತಪ್ಪು ತಿಳಿದವನನ್ನು ತಿದ್ದುವಂತೆ, ಮರ್ಯಾದೆಯಿಂದಲೇ ಹೇಳಿದಳು.

"ನೋ, ನೋ. ಹಿ ಈಸ್ ನಾಟ್ ಫ್ರಮ್ ಹೋಮ್. ಹಿ ಈಸ್ ಇಂಡಿಯನ್."

ಹುಡುಗ ಅಪ್ಪನ ಕೈ ಬಿಟ್ಟು, ಸಾರಿ ಸರ್, ಎಂದ. ಅಷ್ಟು ಇಂಗ್ಲಿಷ್ ಅಪ್ಪನಿಗೂ ಅರ್ಥವಾಗುತ್ತಿತ್ತು. ಅವನು ಹೌದು ಎಂದು ತಲೆಯಾಡಿಸಿದ. ಗ್ರೇಸ್ ನನಗೆ ಕುರ್ಚಿ ತೋರಿಸಿದಳು, ಅಪ್ಪನಿಗೆ ನೀರು ಕೊಟ್ಟಳು. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಒಳಗೆ ಒಯ್ದು, ಸಾರನ್ನು ತನ್ನ ಪಾತ್ರೆಗೆ ಸುರಿದುಕೊಂಡು, ಡಬ್ಬಿ ತೊಳೆದು, ಒರೆಸಿ, ಮುಚ್ಚಳ ಹಾಕಿ, ಅಪ್ಪನ ಕೈಗೆ ವಾಪಸು ಕೊಟ್ಟಳು. ಅಮ್ಮನಿಗೆ ಥ್ಯಾಂಕ್ಸ್ ಹೇಳು ಎಂದು ನನಗೆ ಹೇಳಿದಳು, ಕನ್ನಡದಲ್ಲಲ್ಲ, ಇಂಗ್ಲಿಷಿನಲ್ಲಿ. ನನ್ನ ತಲೆಯ ಕಡೆ ಅವಳ ಕಣ್ಣು ಹೋಯಿತು.

ಕೆಳಗೆ ಬಂದ ಮೇಲೆ ನಾನೇ ಕೇಳಿದೆ.

"ಅಪ್ಪ, ಹೇಳ್ಬೇಕು ಅಂತ ಬಂದಿದ್ದು ಹೇಳ್ಲೇ ಇಲ್ವಲ್ಲ."

ಅಪ್ಪ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಏನ್ ಹೇಳೋದು ನಾಗೂ. ನಾನು ಎಲ್ರಿಗೂ ಏನ್ ಹೇಳ್ಕೊಂಡು ತಿರುಗ್ತೀನೋ, ಅದನ್ನ ಅವಳೇ ಹೇಳಿಬಿಟ್ಳಲ್ಲ."